ದೊರೆ ಚರ್ಚಿನ ಗಂಟೆ ಹಗ್ಗ

ಗೋಣಿಬೀಡಿನಿಂದ ಮೇಲಕ್ಕೆ ಹತ್ತಿದರೆ ಸಿಗುವ ದೊರೆಹಡ್ಲಿನಲ್ಲಿ ಕಲ್ಲಮ್ಮನಷ್ಟು ಹೆದರುವ ಜೀವ ಇನ್ನೊಂದು ಇರಲಿಲ್ಲ. ಹೆಸರಿನಲ್ಲಿ ಮಾತ್ರ ಕಲ್ಲು, ಎದೆಯೆಲ್ಲ ಬೆಣ್ಣೆ ಎಂದು ಗಂಡ ಬಸವರಾಜಪ್ಪನೇ ಅಂಗಡಿಗೆ ಬಂದವರ ಎದುರು ನಗುತ್ತಿದ್ದ. ಗುಡುಗಿದರೆ ಅವಳು ಅಕ್ಕಿ ಡಬ್ಬದ ಹಿಂದೆ ಹೋಗಿ ಕೂರುತ್ತಿದ್ದಳು. ಗ್ಯಾಸ್ ಒಲೆ ಹಚ್ಚುವಾಗ ಮುಖವನ್ನು ಆ ಕಡೆ ತಿರುಗಿಸಿ ಕೈಯನ್ನಷ್ಟೇ ಮುಂದೆ ಚಾಚುತ್ತಿದ್ದಳು. ಮಗನ ಜೀಪಿನಲ್ಲಿ ಕೂತರೆ ಕೊರಳಿನ ಲಿಂಗವನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡು, ಮೂಡಿಗೆರೆ ಬಂತು ಎಂದು ಯಾರಾದರೂ ಹೇಳುವವರೆಗೆ ಕಣ್ಣು ಬಿಡುತ್ತಿರಲಿಲ್ಲ. ಹೆದರುವವರ ಮೇಲೆ ಹಾವು ಎಸೆಯುವುದು ಊರಿನವರ ಹಳೆಯ ಚಟ. ಹುಲ್ಲಿನ ಹಗ್ಗ ಬಿಸಾಡಿ ಅವಳನ್ನು ಕುಣಿಸಿದವರು ಎಷ್ಟು ಜನವೋ.

ಇಂಥ ಹೆಂಗಸಿನ ಸೊಂಟದಲ್ಲಿ ದೊರೆ ಚರ್ಚಿನ ಕೀಲಿ ತೂಗುತ್ತಿತ್ತು. ಲಿಂಗ ಕಟ್ಟಿದ ಮನೆಯವರಿಗೂ ಇಂಗ್ಲಿಷರ ಚರ್ಚಿಗೂ ಎಲ್ಲಿಯ ನಂಟು ಎಂದು ಹೊಸಬರು ಕೇಳುತ್ತಾರೆ. ನಂಟು ಇದ್ದದ್ದು ಗಂಟೆಯಿಂದ. ಆ ಗಂಟೆ ಹಡಗಿನಲ್ಲಿ ಮಂಗಳೂರಿಗೆ ಬಂದಿಳಿದಾಗ ಅದನ್ನು ಎತ್ತಿನ ಗಾಡಿಗೆ ಹೇರಿ ಘಾಟಿ ಹತ್ತಿಸಿ ತಂದವನು ಬಸವರಾಜಪ್ಪನ ಮುತ್ತಜ್ಜ. ದಾರಿಯಲ್ಲಿ ಒಂದೆತ್ತು ಸತ್ತಿತಂತೆ. ಮುತ್ತಜ್ಜ ತಾನೇ ನೊಗಕ್ಕೆ ಹೆಗಲು ಕೊಟ್ಟನಂತೆ. ಅಂದಿನಿಂದ ಇವರದು ಗಂಟೆಗಾಡಿ ಮನೆ. ದೊರೆಗಳು ತೋಟ ಮಾರಿ ಹಡಗು ಹತ್ತಿದ ಮೇಲೆ, ಚರ್ಚಿನ ಎದುರೇ ಅಂಗಡಿ ಇಟ್ಟುಕೊಂಡಿದ್ದ ಈ ಮನೆಗೇ ಕೀಲಿ ಬಂತು. ಈಗ ತಿಂಗಳಿಗೊಂದು ಭಾನುವಾರ ಚಿಕ್ಕಮಗಳೂರಿನಿಂದ ಪಾಸ್ಟರ್ ಬರುತ್ತಾರೆ. ನಾಲ್ಕಾರು ಕುಟುಂಬದವರು ಕೂತು ಪ್ರಾರ್ಥನೆ ಮಾಡಿ, ಕಲ್ಲಮ್ಮ ಕೊಟ್ಟ ಕಾಫಿ ಕುಡಿದು ಹೋಗುತ್ತಾರೆ. ಉಳಿದ ದಿನ ಗುಡಿಸುವುದು, ಒರೆಸುವುದು, ಬಾವಲಿ ಓಡಿಸುವುದು ಎಲ್ಲ ಅವಳದೇ.

ಆ ಚರ್ಚನ್ನು ಕಟ್ಟಿಸಿದವನು ಥಾರ್ನ್‌ಟನ್ ಎಂಬ ದೊರೆ. ಅವನ ಹುಟ್ಟೂರಿನಲ್ಲಿ ಮೋಡ ಮುಟ್ಟುವಂಥ ಒಂದು ಕೆಥೆಡ್ರಲ್ ಇತ್ತಂತೆ. ಅದರ ಚಿತ್ರವನ್ನು ಬಂಗಲೆಯ ಗೋಡೆಗೆ ತೂಗು ಹಾಕಿಕೊಂಡಿದ್ದ. ಇಲ್ಲಿಯ ಚಳಿಜ್ವರಕ್ಕೆ ಹೆಂಡತಿಯೂ ಮಗುವೂ ಒಂದೇ ಮಳೆಗಾಲದಲ್ಲಿ ಹೋದ ಮೇಲೆ ಅವನಿಗೆ ಆ ಚಿತ್ರದ ಹುಚ್ಚು ಹಿಡಿಯಿತು. ಹಳ್ಳದ ಕರಿಕಲ್ಲು ಒಡೆಸಿದ. ಕರಾವಳಿಯಿಂದ ಚಿಪ್ಪಿನ ಸುಣ್ಣ ತರಿಸಿ, ಬೆಲ್ಲದ ನೀರು, ಅಳಲೆಕಾಯಿ ರಸ ಬೆರೆಸಿ, ವಾರಗಟ್ಟಲೆ ಅರೆಸಿ ಗಾರೆ ಮಾಡಿಸಿದ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಅಂಚಿನಲ್ಲಿ ಒಬ್ಬರು ಕಾಲು ಚಾಚಿ ಮಲಗಬಹುದು. ಕಿಟಕಿಗಳ ತಲೆ ಎರಡು ಕೈ ಮುಗಿದ ಹಾಗೆ ಚೂಪು. ಅದರಲ್ಲಿ ಬಣ್ಣದ ಗಾಜು. ನಂದಿ ಮರದ ತೊಲೆಗಳು ಮೇಲೆ ದೋಣಿ ಬೋರಲು ಹಾಕಿದಂತೆ ಬಾಗಿವೆ. ಬೆಂಚುಗಳ ಮೇಲೆ ಒಂದೊಂದು ಎಸ್ಟೇಟಿನ ಹೆಸರು ಕೊರೆದಿದೆ, ಯಾರು ಎಲ್ಲಿ ಕೂರಬೇಕೆಂದು. ಕಟ್ಟಿದ ಆಳುಗಳು ಕೂರುವುದಕ್ಕೆ ಮಾತ್ರ ಬೆಂಚಿಲ್ಲ. ಅವರು ಹೊರಗೆ ನಿಂತಿದ್ದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ದೊರೆಗೆ ಚಿತ್ರದಲ್ಲಿದ್ದ ಗೋಪುರವೂ ಬೇಕಾಯಿತು. ಮುಂಬಾಗಿಲಿನ ನೆತ್ತಿಯ ಮೇಲೆಯೇ, ಚೌಕಾಕಾರದ ದೊಡ್ಡ ಕಲ್ಲಿನ ಗೋಪುರ. ಕೆಳಗೆ ಹಡ್ಲು, ಅಗೆದರೆ ನೀರು ಜಿನುಗುವ ಜೌಗು ನೆಲ. ಇಲ್ಲಿ ಇಷ್ಟು ಭಾರ ಬೇಡ ಎಂದು ಕಲ್ಲುಕುಟಿಗರು ಕೈಮುಗಿದರಂತೆ. ದೊರೆ ಕೇಳಲಿಲ್ಲ. ಕುರಿಯ ಮೈಗೆ ಎಮ್ಮೆಯ ಕೊಂಬು ಇಟ್ಟ ಹಾಗಾಯಿತು. ಚಿಕ್ಕ ಚರ್ಚು, ದೊಡ್ಡ ಗೋಪುರ. ಅದು ನೂರಕ್ಕೂ ಹೆಚ್ಚು ಮಳೆಗಾಲ ನಿಂತಿತು ಎಂಬುದೂ ನಿಜವೇ. ಅದಕ್ಕೇ ಊರಿನವರಿಗೆ ಅದರ ಮೇಲೆ ಅಷ್ಟು ನಂಬಿಕೆ.

ಆ ನಂಬಿಕೆ ಗಟ್ಟಿಯಾದದ್ದು ಆನೆಗಳು ಬಂದ ಮೇಲೆ. ಕಲ್ಲಮ್ಮ ಸೊಸೆಯಾಗಿ ಬಂದ ಕಾಲದಲ್ಲಿ ಆನೆ ಎಂದರೆ ಕ್ಯಾಲೆಂಡರಿನ ಚಿತ್ರ. ಈಗ ಹಾಗಲ್ಲ, ಕೊಯ್ಲಿನ ಕಾಲದಲ್ಲಿ ತೋಟದೊಳಗೇ ಠಿಕಾಣಿ. ಒಂದು ವರ್ಷ ಕಾಫಿ ಕೊಯ್ಯುತ್ತಿದ್ದ ಹೆಂಗಸೊಬ್ಬಳು ಗಿಡದ ಮರೆಯಲ್ಲಿ ಆನೆ ನಿಂತಿದ್ದು ಗೊತ್ತಾಗದೆ ಸತ್ತಳು. ಅವತ್ತು ಕಲ್ಲಮ್ಮನ ಮಾವ ಓಡಿಹೋಗಿ ಚರ್ಚಿನ ಗಂಟೆ ಹೊಡೆದ. ತೋಟದಲ್ಲಿದ್ದವರೆಲ್ಲ ಓಡಿಬಂದು ಚರ್ಚಿನೊಳಗೆ ಸೇರಿಕೊಂಡು ಬದುಕಿದರು. ಅಲ್ಲಿಂದ ಅದೇ ಕಟ್ಟಳೆಯಾಯಿತು. ಗಂಟೆ ಬಿಡದೆ ಹೊಡೆದರೆ ಆನೆ ಬಂತು ಎಂದರ್ಥ; ಯಾರು ಎಲ್ಲಿದ್ದರೂ ಚರ್ಚಿಗೆ ಓಡಬೇಕು. ಈಗ ಮೊಬೈಲಿಗೆ ಸುದ್ದಿ ಬರುತ್ತದೆ ನಿಜ, ಆದರೆ ಇಳಿಜಾರಿನ ಕಾಫಿಯೊಳಗೆ ನೆಟ್‌ವರ್ಕ್ ಎಲ್ಲಿ? ಗಂಟೆಗೆ ನೆಟ್‌ವರ್ಕ್ ಬೇಡ.

ಗಂಟೆ ಹೊಡೆಯುವ ಕೆಲಸವೂ ಕೀಲಿಯ ಜೊತೆ ಕಲ್ಲಮ್ಮನಿಗೆ ಬಂತು. ಎರಡು ಮಳೆಗಾಲದ ಹಿಂದೆ ಅವಳು ಮಾಡಿಕೊಂಡ ಎಡವಟ್ಟನ್ನು ಊರು ಇನ್ನೂ ಮರೆತಿಲ್ಲ. ಮಂಜಿನಲ್ಲಿ ಏನೋ ಕಪ್ಪಗೆ ಕಂಡಿತು, ಎದೆಯಲ್ಲಿ ಅವಲಕ್ಕಿ ಕುಟ್ಟಿತು, ಗಂಟೆ ಹೊಡೆದೇಬಿಟ್ಟಳು. ಊರೆಲ್ಲ ಬಿದ್ದು ಎದ್ದು ಓಡಿಬಂದು ನೋಡಿದರೆ, ಪರಮೇಶ್ವರಪ್ಪನವರ ತೋಟದಲ್ಲಿ ಇಳಿಸಿದ್ದ ಹೊಸ ನೀರಿನ ಟ್ಯಾಂಕು. ಅಂದಿನಿಂದ ಅವಳು ಟ್ಯಾಂಕ್ ಕಲ್ಲಮ್ಮ. ಬಾಯಿಗೆ ಬಂದ ಹೆಸರು ಬಟ್ಟೆಗೆ ಅಂಟಿದ ಹಲಸಿನ ಮೇಣ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಹಗ್ಗದ ವಿಷಯ ಅವಳಿಗೆ ತಿಳಿದದ್ದು ದೀಪಾವಳಿಯ ಹಿಂದುಮುಂದು. ಗೋಪುರದ ಕೆಳಗೆ, ಬಾಗಿಲು ದಾಟಿದೊಡನೆ, ಕೆಂಪು ಕಪ್ಪು ಬಿಲ್ಲೆ ಹಾಸಿದ ನೆಲ. ಅದರ ನಟ್ಟನಡುವೆ ನಕ್ಷತ್ರ ಬರೆದ ಒಂದು ಬಿಲ್ಲೆ. ಗಂಟೆಯ ಹಗ್ಗದ ತುದಿಯ ಗಂಟು ಸರಿಯಾಗಿ ಆ ನಕ್ಷತ್ರದ ಮೇಲೆ ತೂಗುತ್ತಿತ್ತು. ನಕ್ಷತ್ರ ಒರೆಸಲು ಕುಕ್ಕರಗಾಲಲ್ಲಿ ಕೂತರೆ ಆ ಗಂಟು ಅವಳ ಹಣೆಗೆ ತಗುಲಲೇಬೇಕು. ಮದುವೆಯಾಗಿ ಬಂದಾಗಿನಿಂದ ತಗುಲಿದೆ. ಅವಳೂ ಪ್ರತಿಸಲ ಬೆಚ್ಚಿದ್ದಾಳೆ. ಅವತ್ತು ಒರೆಸಿ ಎದ್ದಳು. ಹಣೆಗೆ ಏನೂ ತಗುಲಲಿಲ್ಲ. ಏನೋ ಕಳೆದುಹೋದಂತಾಗಿ ಮತ್ತೆ ಕೂತು ನೋಡಿದಳು. ಗಂಟು ಅವಳ ಭುಜದ ಪಕ್ಕ, ಒಂದು ಗೇಣು ಆಚೆ, ಕಪ್ಪು ಬಿಲ್ಲೆಯ ಮೇಲೆ ತೂಗುತ್ತಿತ್ತು.

ಗಾಳಿ ಇರಬಹುದು ಎಂದು ಬಾಗಿಲು ಮುಚ್ಚಿದಳು. ಹಗ್ಗ ಅಲ್ಲಾಡದೆ ನಿಂತಿತು, ಆದರೆ ಅಲ್ಲೇ ನಿಂತಿತು. ತಲೆಯೆತ್ತಿ ನೋಡಿದಳು. ಹಗ್ಗ ನೆಟ್ಟಗೆ ಕೆಳಗಿಳಿದಿದೆ. ಹಗ್ಗ ಸುಳ್ಳು ಹೇಳುವುದಿಲ್ಲವಲ್ಲ. ಹಾಗಾದರೆ ಸರಿದಿರುವುದು ಅದನ್ನು ಕಟ್ಟಿರುವ ಮೇಲಿನ ಗೋಪುರವೇ. ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು ಹೊರಗೆ ಓಡಿದಳು. ರಸ್ತೆಯಿಂದ ತಿರುಗಿ ನೋಡಿದರೆ ಗೋಪುರ ಎಂದಿನಂತೆ, ಏನೂ ಗೊತ್ತಿಲ್ಲದವರ ಹಾಗೆ ನಿಂತಿತ್ತು.

ಆಮೇಲೆ ಅವಳಿಗೆ ನೆಮ್ಮದಿಯೆಂಬುದು ಹೋಯಿತು. ದಿನಾ ಬೆಳಿಗ್ಗೆ ಹೋಗಿ ಗಂಟು ಎಲ್ಲಿದೆ ಎಂದು ನೋಡುವುದು, ಜೀವ ಕೈಯಲ್ಲಿ ಹಿಡಿದುಕೊಂಡು ಹೊರಬರುವುದು. ಬಾಗಿಲು ಕಚ್ಚಿಕೊಳ್ಳತೊಡಗಿತು. ಒಂದು ಬೆರಳಿನಲ್ಲಿ ತೆರೆಯುತ್ತಿದ್ದ ಬಾಗಿಲಿಗೆ ಈಗ ಭುಜ ಕೊಡಬೇಕು. ಬೆಂಚುಗಳ ಮೇಲೆ ಸುಣ್ಣದ ಹಿಟ್ಟು ಉದುರಿರುತ್ತಿತ್ತು. ಕ್ರಿಸ್‌ಮಸ್ಸಿಗೆ ಬಂದ ಪಾಸ್ಟರಿಗೆ ಅದನ್ನೆಲ್ಲ ತೋರಿಸಿದಳು. ಅವರು ಒಳ್ಳೆಯವರು. ಹಗ್ಗ ಹಿಡಿದು ನೋಡಿದರು, ತಲೆ ತುರಿಸಿಕೊಂಡರು, "ಈಸ್ಟರ್ ಕಳೀಲಿ ಕಲ್ಲಮ್ಮ, ಇಂಜಿನಿಯರ್ ಒಬ್ಬರನ್ನ ಕರ್ಕೊಂಡು ಬರ್ತೀನಿ" ಎಂದು ಹೇಳಿ ಹೊರಟರು.

ಎಸ್ಟೇಟಿನ ಪರಮೇಶ್ವರಪ್ಪನವರು ಊರಿಗೇ ದೊಡ್ಡವರು. ಅವರ ಬಂಗಲೆಯ ನಾಯಿಗೆ ಹೆದರಿಕೊಂಡೇ ಗೇಟಿನವರೆಗೆ ಹೋಗಿ ಹೇಳಿದಳು. ಅವರು ಜಗುಲಿಯಿಂದಲೇ ನಕ್ಕರು.

"ಹಗ್ಗ ಹಳೇದಾಗಿ ತಿರುಚ್ಕೊಂಡಿರುತ್ತೆ ಕಲ್ಲಮ್ಮ. ಆ ಕಲ್ಲಿನ ಗೋಡೆ ನಿನ್ನ ಮೊಮ್ಮಕ್ಕಳ ಮೊಮ್ಮಕ್ಕಳನ್ನೂ ನೋಡುತ್ತೆ. ಬೇರೆ ಏನಾದ್ರೂ ಕಂಡ್ರೆ ಹೇಳು. ಟ್ಯಾಂಕು ಗೀಂಕು."

ಹಗ್ಗ ಕಂಡು ಹಾವೆಂದು ಕಿರುಚುತ್ತಿದ್ದವಳು ಈಗ ಹಗ್ಗ ಕಂಡು ಗೋಪುರ ಬೀಳುತ್ತದೆ ಎನ್ನುತ್ತಾಳೆ ಎಂಬ ಮಾತು ಅಂಗಡಿಯಿಂದ ಅಂಗಡಿಗೆ ಹೋಯಿತು. ಕಲ್ಲಮ್ಮನಿಗೆ ನಗೆಯ ಭಯವಿರಲಿಲ್ಲ. ಅದು ಅವಳಿಗೆ ಅಭ್ಯಾಸ. ಅವಳ ಭಯ ಬೇರೆಯೇ ಇತ್ತು. ಆನೆ ಬಂದರೆ ಗಂಟೆ ಹೊಡೆಯಬೇಕು. ಗಂಟೆ ಹೊಡೆದರೆ ಊರೇ ಓಡಿಬಂದು ನಿಲ್ಲುವುದು ಆ ಗೋಪುರದ ಕೆಳಗೆ. ಮೊದಲು ಬರುವವಳು ಅವಳ ಸೊಸೆ ಕೃತಿಕಾ. ಚರ್ಚಿನ ಪಕ್ಕದ ಅಂಗನವಾಡಿಯ ಟೀಚರ್ ಅವಳು. ತಗಡಿನ ಮಾಡು, ತೆಳ್ಳನೆಯ ಗೋಡೆಯ ಆ ಕೋಣೆಯಲ್ಲಿ ಆನೆಗೆ ಕಾದು ಕೂರುವುದುಂಟೇ? ಗಂಟೆ ಕೇಳಿದ ಕೂಡಲೇ ಮಕ್ಕಳನ್ನೆಲ್ಲ ಸಾಲಾಗಿ ಹಿಡಿದುಕೊಂಡು ಚರ್ಚಿಗೆ ಬರುವುದನ್ನು ಅವಳು ಆಟದ ಹಾಗೆ ಕಲಿಸಿಟ್ಟಿದ್ದಳು.

"ಕೃತಿಕಾ, ಗಂಟೆ ಹೊಡೆದ್ರೆ ಮಕ್ಕಳನ್ನ ಚರ್ಚಿಗೆ ಮಾತ್ರ ತರ್ಬೇಡ ಮಾರಾಯ್ತಿ" ಎಂದು ಕಲ್ಲಮ್ಮ ಒಂದು ದಿನ ರೊಟ್ಟಿ ತಟ್ಟುತ್ತಾ ಹೇಳಿದಳು.

"ಮತ್ತೆ ಎಲ್ಲಿಗೆ ತರ್ಲಿ ಅತ್ತೆ? ಆನೆ ಕಾಲಡಿಗಾ?"

ದಿಬ್ಬದ ಮೇಲಿನ ದೊರೆಗಳ ಸಮಾಧಿ ನೆನಪಾಯಿತು, ಆದರೆ ಅದರ ಹೆಸರೆತ್ತಲೂ ಕಲ್ಲಮ್ಮನಿಗೆ ಭಯ. ರೊಟ್ಟಿ ಸೀದುಹೋಯಿತು.

ಆ ದಿನ ಬಂದದ್ದು ಸಂಕ್ರಾಂತಿ ಕಳೆದ ಮೇಲೆ, ರೋಬಸ್ಟಾ ಕಾಫಿಯ ಕೊಯ್ಲು ಜೋರಾಗಿದ್ದಾಗ. ಬಿಸಿಲು ಚೆನ್ನಾಗಿತ್ತು. ಬಸವರಾಜಪ್ಪ ಸಾಮಾನು ತರಲು ಮೂಡಿಗೆರೆಗೆ ಹೋಗಿದ್ದ. ಕಲ್ಲಮ್ಮ ಅಂಗಡಿಯಲ್ಲಿ ಕೂತು ವೀಳ್ಯದೆಲೆಗೆ ನೀರು ಚಿಮುಕಿಸುತ್ತಿದ್ದಳು. ಮೇಲಿನ ದಾರಿಯಿಂದ ಆನೆ ಕಾವಲಿನ ಗಿರಿ ಬೈಕನ್ನು ಹಾರಿಸಿಕೊಂಡು ಬಂದ. ಅರಣ್ಯ ಇಲಾಖೆಯ ಖಾಕಿ ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ಕಲ್ಲಮ್ಮಕ್ಕ, ಗಂಟೆ ಹೊಡೀರಿ! ಒಂಟಿ ಸಲಗ, ಕೆಳಗಡೆ ಇಳೀತಾ ಉಂಟು. ಮಲ್ಲೇಶ್ ಮೇಸ್ತ್ರಿಯ ಆಳುಗಳೆಲ್ಲ ಅದೇ ದಾರೀಲಿದಾರೆ. ಫೋನ್ ಹೋಗ್ತಿಲ್ಲ!"

"ಗಿರಿ, ಗೋಪುರ..."

"ಮಾರಾಯ್ತಿ, ಬೇಗ!" ಎಂದವನೇ ಆಳುಗಳ ಲೈನ್ ಮನೆಗಳ ಕಡೆ ಬೈಕು ತಿರುಗಿಸಿದ.

ಕಲ್ಲಮ್ಮ ಎದ್ದಳು, ಕೂತಳು, ಮತ್ತೆ ಎದ್ದಳು. ಗಂಟೆ ಹೊಡೆಯದಿದ್ದರೆ ಕೊಯ್ಯುತ್ತಿರುವ ಹೆಂಗಸರಿಗೆ ಗೊತ್ತಾಗುವುದಿಲ್ಲ. ಗಿಡದ ಮರೆಯಲ್ಲಿ ಸತ್ತವಳ ಮುಖ ಕಣ್ಣ ಮುಂದೆ ಬಂತು. ಹೊಡೆದರೆ ಎಲ್ಲರೂ ಇಲ್ಲಿಗೇ ಬರುತ್ತಾರೆ. ಅತ್ತ ದರಿ, ಇತ್ತ ಪುಲಿ ಎನ್ನುತ್ತಾರಲ್ಲ, ಅವಳಿಗೆ ಅತ್ತ ಆನೆ, ಇತ್ತ ಗೋಪುರ. ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, "ಅಪ್ಪಾ ಬಸವಣ್ಣ, ನನ್ನಂಥ ಪುಕ್ಕಲಿಗೇ ಯಾಕೆ ಇದನ್ನ ಕೊಟ್ಟೆ?" ಎಂದು ಗಟ್ಟಿಯಾಗಿಯೇ ಅತ್ತಳು. ಅಳುತ್ತಲೇ ರಸ್ತೆ ದಾಟಿದಳು.

ಬಾಗಿಲು ಕಚ್ಚಿಕೊಂಡಿತ್ತು. ಭುಜ ಕೊಟ್ಟು ನೂಕಿದಳು. ಒಳಗೆ ತಣ್ಣಗೆ, ಸುಣ್ಣದ ವಾಸನೆ. ಹಗ್ಗದ ಗಂಟು ನಕ್ಷತ್ರದಿಂದ ಇನ್ನಷ್ಟು ದೂರ ಹೋಗಿ, ಗೋಡೆಯ ಕಡೆಗೆ ಬಂದಿತ್ತು. ಅದನ್ನು ಮುಟ್ಟಲು ಕೈ ಮುಂದೆ ಹೋಗಲೊಲ್ಲದು. ಕಣ್ಣು ಮುಚ್ಚಿಕೊಂಡು, ಗ್ಯಾಸ್ ಹಚ್ಚುವಾಗ ಮಾಡುವಂತೆ ಮುಖ ಆ ಕಡೆ ತಿರುಗಿಸಿ, ಕೈಯನ್ನು ಮಾತ್ರ ಚಾಚಿ ಹಗ್ಗ ಹಿಡಿದಳು. ಎಳೆದಳು.

ಗಂಟೆ ಕೂಗಿತು. ಅವಳ ತಲೆಯ ಮೇಲೆ ಧೂಳು ಸುರಿಯಿತು. ಮತ್ತೆ ಎಳೆದಳು. ಈ ಸಲ ಗಂಟೆಯ ಸದ್ದಿನ ಕೆಳಗೆ ಇನ್ನೊಂದು ಸದ್ದು ಕೇಳಿತು. ಗೋಡೆಯ ಹೊಟ್ಟೆಯೊಳಗಿನಿಂದ, ಯಾರೋ ನಿದ್ದೆಯಲ್ಲಿ ಹಲ್ಲು ಕಡಿಯುವ ಹಾಗೆ. ಕರಕರ. ಓಡು ಓಡು ಎಂದು ಮೈಯೆಲ್ಲ ಹೇಳುತ್ತಿತ್ತು. ಆದರೆ ಒಂದೆರಡು ಸಲ ಹೊಡೆದು ಬಿಟ್ಟರೆ ಪ್ರಾರ್ಥನೆ ಗಂಟೆ ಎಂದುಕೊಂಡು ಯಾರೂ ತಲೆಯೆತ್ತುವುದಿಲ್ಲ. ಬಿಡದೆ ಹೊಡೆದರೆ ಮಾತ್ರ ಆನೆ. ಎಳೆಯುತ್ತಲೇ ಇದ್ದಳು. ಒಂದು ಕಲ್ಲಿನ ಚೂರು ಪಕ್ಕದಲ್ಲೇ ಬಿದ್ದು ನಕ್ಷತ್ರದ ಬಿಲ್ಲೆ ಒಡೆಯಿತು. ಆಗ ಎಲ್ಲೋ ಇಳಿಜಾರಿನಿಂದ "ಆನೆ! ಆನೆ!" ಎಂಬ ಕೂಗು ಕೇಳಿತು. ಹಗ್ಗ ಬಿಟ್ಟಳು. ಹೊರಗೆ ಬಿದ್ದು, ಬಾಗಿಲನ್ನು ಎರಡು ಕೈಯಲ್ಲಿ ಎಳೆದು ಮುಚ್ಚಿ, ಬೀಗ ಜಡಿದು, ಅದಕ್ಕೇ ಬೆನ್ನು ಕೊಟ್ಟು ನಿಂತಳು.

ಮೊದಲು ಬಂದವಳು ಕೃತಿಕಾ. ಒಂದು ಕೂಸು ಕಂಕುಳಲ್ಲಿ, ಉಳಿದವು ಅವಳ ಸೀರೆಯ ಸೆರಗಿಗೆ ಜೋತುಬಿದ್ದು.

"ಅತ್ತೆ, ಬಾಗಿಲು ತೆಗೀರಿ!"

"ತೆಗೆಯಲ್ಲ."

"ತಮಾಷೆನಾ? ಮಕ್ಕಳಿದಾರೆ!"

"ಅದಕ್ಕೇ ತೆಗೆಯಲ್ಲ. ಗೋಪುರ ಬೀಳುತ್ತೆ ಕೃತಿಕಾ. ಸದ್ದು ಮಾಡ್ತಾ ಉಂಟು. ಸಮಾಧಿ ಕಡೆ ಹೋಗು, ಮೇಲೆ ಹೋಗು..."

ಅಷ್ಟರಲ್ಲಿ ಆಳುಗಳು ಬಂದರು, ಕೊಯ್ಲಿನ ಚೀಲ ಸೊಂಟದಲ್ಲೇ ಕಟ್ಟಿಕೊಂಡು, ಏದುಸಿರು ಬಿಡುತ್ತಾ. ಹಿಂದೆ ಮಲ್ಲೇಶ್ ಮೇಸ್ತ್ರಿ. ಅವನ ಒಂದು ಚಪ್ಪಲಿ ದಾರಿಯಲ್ಲೇ ಹೋಗಿತ್ತು.

"ಯಾರು ಬೀಗ ಹಾಕಿದ್ದು? ತೆಗಿ ಮಾರಾಯ್ತಿ! ಹಿಂದೇನೇ ಬರ್ತಾ ಉಂಟು!"

"ಒಳಗೆ ಬೇಡ ಮಲ್ಲೇಶ್, ಕೈ ಮುಗೀತೀನಿ..."

"ಟ್ಯಾಂಕು ನೋಡಿ ಹೆದರೋಳ ಮಾತು ಕೇಳ್ಕೊಂಡು ಸಾಯ್ಬೇಕಾ ನಾವು?" ಅವನು ಅವಳ ಕೈ ತಿರುಚಿ ಕೀಲಿಗೆ ಕೈ ಹಾಕಿದ. ತಪ್ಪು ಅವನದಲ್ಲ, ಅವನಿಗೂ ಪ್ರಾಣಭಯ. ಹೆಂಗಸರು ಬೈದರು, ಒಬ್ಬಳು ಅವಳ ಮುಖಕ್ಕೆ ಉಗಿದಳು. ಮಕ್ಕಳು ಅಳುತ್ತಿದ್ದವು. ಪಕ್ಕದ ಕಾಫಿಯಲ್ಲಿ ಕೊಂಬೆ ಮುರಿಯುವ ಸದ್ದು ಎಲ್ಲರಿಗೂ ಕೇಳಿತು. ಕಲ್ಲಮ್ಮ ಒಂದೇ ಒಂದು ಸಲ ಕೃತಿಕಾಳ ಕಂಕುಳಿನ ಕೂಸನ್ನು ನೋಡಿದಳು. ಕೊಸರಿಕೊಂಡು, ಕೀಲಿಯನ್ನು ಶಕ್ತಿಯಿದ್ದಷ್ಟು ದೂರ ಎಸೆದುಬಿಟ್ಟಳು. ಅದು ಹಡ್ಲಿನ ಕೆಸರಿನಲ್ಲಿ ಬಿದ್ದು ಮುಳುಗಿತು.

ಅಷ್ಟರಲ್ಲಿ ಸಲಗ ಘೀಳಿಟ್ಟಿತು, ಎದೆಯ ಗೂಡೇ ನಡುಗುವಂತೆ. ಇನ್ನು ದಾರಿ ಇದ್ದದ್ದು ಒಂದೇ. ಚರ್ಚಿನ ಹಿಂದೆ, ದಿಬ್ಬದ ಮೇಲೆ, ಎತ್ತರದ ಕಲ್ಲುಗೋಡೆ ಸುತ್ತಿದ ದೊರೆಗಳ ಸಮಾಧಿ. ಕಡಿದಾದ ಮೆಟ್ಟಿಲು, ಒಬ್ಬರು ಹೋಗುವಷ್ಟೇ ಗೇಟು. ಎಲ್ಲರೂ ಅತ್ತ ನುಗ್ಗಿದರು. ಕಲ್ಲಮ್ಮನ ಕಾಲು ಮಾತ್ರ ಕದಲಲಿಲ್ಲ. ಇಷ್ಟು ವರ್ಷದಲ್ಲಿ ಅವಳು ಆ ಸಮಾಧಿಯ ಗೇಟು ದಾಟಿದವಳಲ್ಲ. ಥಾರ್ನ್‌ಟನ್ ದೊರೆಯ ಹೆಂಡತಿ ಮಗುವನ್ನೆತ್ತಿಕೊಂಡು ಅಲ್ಲಿ ಓಡಾಡುತ್ತಾಳೆ ಎಂಬ ಮಾತನ್ನು ಅವಳಷ್ಟು ನಂಬಿದವರಿಲ್ಲ. ಮೇಲೆ ಹೋಗಿದ್ದ ಕೃತಿಕಾ ಕೂಸನ್ನು ಯಾರಿಗೋ ಕೊಟ್ಟು ಇಳಿದು ಬಂದಳು. ಕಣ್ಣು ಕೆಂಡದಂತಿತ್ತು. "ಬನ್ನಿ ಅತ್ತೆ" ಎಂದು ಹಲ್ಲು ಕಚ್ಚಿ ಹೇಳಿ, ಅವಳ ರಟ್ಟೆ ಹಿಡಿದು ದರದರ ಎಳೆದುಕೊಂಡು ಹೋದಳು.

ಸಮಾಧಿ ಕಲ್ಲುಗಳ ನಡುವೆ ಎಲ್ಲರೂ ಮುದುಡಿ ಕೂತರು. ಹೆಂಗಸರು ಮಕ್ಕಳ ಬಾಯಿಗೆ ಕೈ ಒತ್ತಿ ಹಿಡಿದಿದ್ದರು. ಕಲ್ಲಮ್ಮನಿಗೆ ಸಿಕ್ಕ ಜಾಗ ದೊರೆಯ ಹೆಂಡತಿಯ ಕಲ್ಲಿನ ಪಕ್ಕವೇ. ಪಾಚಿ ಹಿಡಿದ ಆ ಕಲ್ಲಿಗೆ ಬೆನ್ನು ತಾಗಿತು, ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಗೇಟಿನ ಸಂದಿಯಿಂದ ಆನೆ ಕಾಣಿಸಿತು. ಹಡ್ಲಿನ ಅಂಚಿನಿಂದ ನಿಧಾನವಾಗಿ ಬಂದು, ಸೊಂಡಿಲೆತ್ತಿ ಗಾಳಿ ಮೂಸಿ, ಅವಳ ಅಂಗಡಿಯ ಮುಂದೆ ನಿಂತಿತು. ಒಂದು ಸಲ ನೂಕಿತು. ಹಲಗೆಗಳು ಮುರಿದವು. ಉಪ್ಪಿನ ಮೂಟೆ ಹೊರಗೆಳೆದು ಮನಸಾರೆ ತಿಂದು, ಬಾಳೆಗೊನೆ ಎತ್ತಿಕೊಂಡು, ರಸ್ತೆ ದಾಟಿ ಆಚೆ ಕಾಡಿಗೆ ಇಳಿಯಿತು. ಅಷ್ಟು ಹೊತ್ತೂ ಗೋಪುರ ಅಲ್ಲಾಡಲಿಲ್ಲ.

ಭಯ ಇಳಿದ ಮೇಲೆ ಸಿಟ್ಟು ಏರುತ್ತದೆ. ಮಲ್ಲೇಶ್ ಎದ್ದು ನಿಂತ.

"ನೋಡಿ ಎಲ್ಲರೂ. ಹೆಂಗೆ ನಿಂತಿದೆ ನೋಡಿ, ಬಂಡೆ ಹಂಗೆ. ಇವಳ ಹುಚ್ಚಿಗೆ ಮಕ್ಕಳನ್ನ ಕೊಲ್ಲಿಸ್ತಿದ್ದಳಲ್ಲ ಇವತ್ತು! ಬೀಗ ಒಡೆದು, ಆ ಬಾಗಿಲು ಇನ್ನು ಮುಚ್ಚದ ಹಾಗೆ ಮಾಡ್ತೀನಿ" ಎಂದು ಮೆಟ್ಟಿಲು ಇಳಿಯತೊಡಗಿದ. ಇಬ್ಬರು ಅವನ ಹಿಂದೆ ಹೊರಟರು.

"ಹೋಗ್ಬೇಡ ಮಲ್ಲೇಶ್" ಎಂದಳು ಕಲ್ಲಮ್ಮ. ಅವನು ನಿಲ್ಲಲಿಲ್ಲ. ಕೃತಿಕಾ ಅತ್ತೆಯ ಮುಖ ನೋಡಿದಳು. ಆ ಮುಖದಲ್ಲಿ ಏನು ಕಂಡಳೋ, ಎದ್ದು ನಿಂತು, ಅಂಗನವಾಡಿಯಲ್ಲಿ ಮಕ್ಕಳನ್ನು ನಿಲ್ಲಿಸುವ ದನಿಯಲ್ಲಿ ಕೂಗಿದಳು: "ಮಲ್ಲೇಶಣ್ಣ, ಅಲ್ಲೇ ನಿಂತ್ಕೊಳ್ಳಿ!"

ಅವನು ತಿರುಗಿ ನೋಡಿದ. ಆಗಲೇ ಗಂಟೆ ಒಂದು ಸಲ ಹೊಡೆಯಿತು. ಹಗ್ಗ ಎಳೆಯುವವರು ಯಾರೂ ಒಳಗಿರಲಿಲ್ಲ.

ಗೋಪುರದ ಗೂಡುಗಳಿಂದ ಹಕ್ಕಿಗಳೆಲ್ಲ ಒಟ್ಟಿಗೆ ಹಾರಿದವು. ಮೇಲಿನ ಒಂದು ಮೂಲೆ ಮೆಲ್ಲಗೆ, ಯಾರೋ ತಲೆ ಬಾಗಿಸಿದಂತೆ, ಮುಂದಕ್ಕೆ ಬಾಗಿತು. ಆಮೇಲೆ ಇಡೀ ಗೋಪುರ ತನ್ನ ಕಾಲ ಮೇಲೇ ಕುಸಿದು ಕೂತುಬಿಟ್ಟಿತು, ಬಾಗಿಲಿನ ಮೇಲೆ, ನಕ್ಷತ್ರದ ಬಿಲ್ಲೆಯ ಮೇಲೆ, ಆನೆ ಬಂದಾಗ ಮಕ್ಕಳನ್ನು ಕೂರಿಸುತ್ತಿದ್ದ ಜಾಗದ ಮೇಲೆ. ದಿಬ್ಬ ನಡುಗಿತು. ಸುಣ್ಣದ ಬಿಳಿ ಧೂಳು ಮೆಟ್ಟಿಲು ಹತ್ತಿ ಬಂದು ಎಲ್ಲರ ತಲೆಗೂ ಮೆತ್ತಿತು. ಧೂಳು ಇಳಿದಾಗ ಮಲ್ಲೇಶ್ ಮೆಟ್ಟಿಲ ಮೇಲೆ ಕೂತಿದ್ದ, ಉಳಿದೊಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು.

ಕೃತಿಕಾ ಮಕ್ಕಳನ್ನು ಒಬ್ಬೊಬ್ಬರಾಗಿ ಮುಟ್ಟಿ ನೋಡಿದಳು. ಎಲ್ಲ ಇದ್ದಾರೆಂದು ಖಾತ್ರಿಯಾದ ಮೇಲೆ ಅತ್ತೆಯ ಮಡಿಲಲ್ಲಿ ಮುಖವಿಟ್ಟು ಗಟ್ಟಿಯಾಗಿ ಅತ್ತಳು. ಮುಖಕ್ಕೆ ಉಗಿದಿದ್ದ ಹೆಂಗಸು ಬಂದು ತನ್ನ ಸೆರಗಿನಿಂದಲೇ ಕಲ್ಲಮ್ಮನ ಕೆನ್ನೆ ಒರೆಸಿದಳು.

ಇಷ್ಟಾದ ಮೇಲೆ ಕಲ್ಲಮ್ಮ ಧೈರ್ಯವಂತೆಯಾದಳು ಎಂದು ಹೇಳಿದರೆ ಕೇಳುವುದಕ್ಕೆ ಚೆನ್ನ. ಆದರೆ ಹಾಗಾಗಲಿಲ್ಲ. ಅವಳಿಗೆ ಹೊಸದೊಂದು ಹೆದರಿಕೆ ಹತ್ತಿಕೊಂಡಿತು. "ನಾನು ಅಷ್ಟು ಎಳೆದದ್ದಕ್ಕೇ ಬಿತ್ತು. ದೇವರ ಮನೆ ಬೀಳಿಸಿದೆ" ಎಂದು ಊಟ ಬಿಟ್ಟಳು. ಪಾಸ್ಟರ್ ಬಂದ ದಿನ ಅಕ್ಕಿ ಡಬ್ಬದ ಹಿಂದೆ ಸೇರಿಕೊಂಡಳು. ಅವರು ಬಿದ್ದ ಕಲ್ಲುಗಳನ್ನೂ, ಪುಣ್ಯಕ್ಕೆ ಗಟ್ಟಿಯಾಗಿ ಉಳಿದಿದ್ದ ಚರ್ಚಿನ ಮೈಯನ್ನೂ ಸುತ್ತಿ ನೋಡಿ, ನೇರ ಮನೆಯೊಳಗೇ ಬಂದರು. ಜೊತೆಗೆ ಪರಮೇಶ್ವರಪ್ಪನವರೂ ಇದ್ದರು.

"ಕೀಲಿ ಹಡ್ಲಲ್ಲಿ ಎಸೆದುಬಿಟ್ಟೆ ಸಾರ್" ಎಂದು ಡಬ್ಬದ ಹಿಂದಿನಿಂದ ದನಿ ಬಂತು.

"ಬಾಗಿಲೇ ಇಲ್ಲ ಕಲ್ಲಮ್ಮ, ಕೀಲಿ ಇಟ್ಕೊಂಡು ಏನು ಮಾಡೋಣ?" ಎಂದರು ಪಾಸ್ಟರ್. ಆಮೇಲೆ ನೆಲದ ಮೇಲೆ ಕೂತು ಮೆಲ್ಲಗೆ ಹೇಳಿದರು: "ನೀನು ತೋರಿಸಿದಾಗ ನಾನು ಈಸ್ಟರ್ ಕಳೀಲಿ ಅಂದೆ. ಬೀಳಿಸಿದ್ದು ನೀನಲ್ಲಮ್ಮ."

ಪರಮೇಶ್ವರಪ್ಪನವರು ಹೊಸ್ತಿಲ ಹತ್ತಿರ ನಿಂತು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ಕಲ್ಲುಗಳನ್ನು ಸರಿಸಿದಾಗ ಗಂಟೆ ಸಿಕ್ಕಿತು. ಅಂಚು ಸ್ವಲ್ಪ ನೆಗ್ಗಿತ್ತು, ದನಿ ಮಾತ್ರ ಹಾಗೇ ಇತ್ತು. ಗೋಪುರ ಮತ್ತೆ ಕಟ್ಟುವ ಮಾತು ಸದ್ಯಕ್ಕೆ ಬೇಡ. ಆನೆ ಕಾಯುವುದಿಲ್ಲವಾದ್ದರಿಂದ ಗಂಟೆಯನ್ನು ಅಂಗಡಿಯ ಪಕ್ಕದ ದೊಡ್ಡ ಹಲಸಿನ ಮರಕ್ಕೆ ಕಟ್ಟುವುದೆಂದು, ಗಂಟೆ ಕೇಳಿದವರು ಇನ್ನು ಸಮಾಧಿಯ ದಿಬ್ಬಕ್ಕೆ ಓಡುವುದೆಂದು ಊರು ತೀರ್ಮಾನಿಸಿತು. ಗಿರಿ, ಮಲ್ಲೇಶ್ ಮತ್ತು ಆಳುಗಳು ಸೇರಿ ಬೆಳಗಿನಿಂದ ಮಧ್ಯಾಹ್ನದವರೆಗೆ ಹೆಣಗಿ, ಸರಪಳಿ ಬಿಗಿದು, ಗಂಟೆಯನ್ನು ಮೇಲೇರಿಸಿದರು. ಬೆವರು ಒರೆಸಿಕೊಂಡು ಕಲ್ಲಮ್ಮನನ್ನು ಕರೆದರು. ಮೊದಲ ಸಲ ಅವಳೇ ಹೊಡೆಯಬೇಕಂತೆ.

ಅವಳು ಬಂದಳು. ಹಗ್ಗ ಮುಟ್ಟಲಿಲ್ಲ. ಮರವನ್ನು ಒಂದು ಸುತ್ತು ಹಾಕಿದಳು, ತಲೆಯೆತ್ತಿ ನೋಡಿದಳು, ಇನ್ನೊಂದು ಸುತ್ತು ಹಾಕಿದಳು. ಕೈ ಲಿಂಗದ ಮೇಲೆ ಹೋಗಿತ್ತು.

"ನನಗೆ ಯಾಕೋ ಈ ಕೊಂಬೆ ನೋಡಿದ್ರೆ ಹೆದ್ರಿಕೆ ಆಗುತ್ತೆ ಮಾರಾಯ್ರೆ" ಎಂದಳು.

ಒಬ್ಬರೂ ನಗಲಿಲ್ಲ. ಮಲ್ಲೇಶ್ ಎದ್ದು ಏಣಿಯನ್ನು ಮರಕ್ಕೆ ಆನಿಸಿ ಹಿಡಿದುಕೊಂಡ. ಗಿರಿ ಸರಪಳಿ ಬಿಚ್ಚಲು ಮೇಲೆ ಹತ್ತಿದ.